ಮರಿ ಬೇಟೆನಾಯಿ ಒಂಟಿಯಾಗಿ ಮೊಲದ ಜಾಡು ಹಿಡಿಯಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೀಗಲ್ (ವಾಸನೆ ಹಿಡಿದು ಮೊಲ ಅಟ್ಟುವ ಚಿಕ್ಕ ಬೇಟೆನಾಯಿ ತಳಿ) ಮರಿ ಸಾಕಿದವರು ಎದುರಿಗೆ ಸಿಕ್ಕಾಗ, ಫೋನಿನಲ್ಲಿ, ಪತ್ರದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳು ನನ್ನವು, ಅವುಗಳಲ್ಲಿ ಅರ್ಧ ನಾನು ಕೆಡಿಸಿದ ನಾಯಿಗಳಿಂದ ಕಲಿತದ್ದು.

## ಶುರು ಮಾಡುವ ಮುಂಚೆ

ಮೊದಲು ಇದು ಹೇಳಿ, ನಾಯಿ ಬಿಟ್ಟು ಮೊಲ ಓಡಿಸೋದು ಕಾನೂನಿಗೆ ಸರಿನಾ?

ಯಾವ ದೇಶದಲ್ಲಿದ್ದೀರಿ ಅನ್ನುವುದರ ಮೇಲಿದೆ. ಭಾರತದಲ್ಲಿ ಆಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಅಟ್ಟಿಸುವುದೂ ಬೇಟೆಯೇ. "ಹಿಡೀಲಿಲ್ಲ ಸಾರ್, ಸುಮ್ನೆ ಓಡಿಸಿದೆ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಕಾಯ್ದೆ ನಾಯಿ ಬಿಟ್ಟು ಆಡುವ ಬೇಟೆಯನ್ನು ನಿಷೇಧಿಸಿದರೂ ರ‍್ಯಾಬಿಟ್‌ಗೆ ವಿನಾಯಿತಿ ಇಟ್ಟಿದೆ. ಜಮೀನು ನಿಮ್ಮದಾಗಿರಬೇಕು, ಇಲ್ಲವೇ ಮಾಲೀಕರ ಒಪ್ಪಿಗೆ ಇರಬೇಕು. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ, ಲೈಸೆನ್ಸು, ಬೇಟೆಯ ತಿಂಗಳು.

ಕಾನೂನು ಬಿಡದ ಕಡೆ ಇರುವವರು, ಮೊಲದ ಚರ್ಮ ಎಳೆದು ಮಾಡಿದ ಜಾಡಿನ ಮೇಲೆ ಮಾತ್ರ ನಾಯಿ ಓಡಿಸಿ. ಅದರ ಪ್ರಶ್ನೆ ಮುಂದೆ ಬರುತ್ತದೆ. ಮೂಗಿನ ಕೆಲಸ ಅಲ್ಲೂ ಅದೇ.

ರ‍್ಯಾಬಿಟ್ಟೂ ಮೊಲ, ಹೇರೂ ಮೊಲ. ನಾಯಿಗೆ ಏನು ವ್ಯತ್ಯಾಸ ಸ್ವಾಮಿ?

ನಮ್ಮ ಭಾಷೆಗೆ ಒಂದೇ ಮೊಲ ಸಾಕು, ನಾಯಿಗೆ ಸಾಲದು. ರ‍್ಯಾಬಿಟ್ ಮರಿ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಹೇರ್ ಮರಿ ಹುಟ್ಟುವಾಗಲೇ ಕೂದಲು ಬಂದು, ಕಣ್ಣು ಬಿಟ್ಟಿರುತ್ತದೆ. ಯುರೋಪಿನ ರ‍್ಯಾಬಿಟ್ ಬಿಲ ತೋಡಿ ಗುಂಪಾಗಿ ಬದುಕುತ್ತದೆ. ಅಮೆರಿಕದ ಕಾಟನ್‌ಟೇಲ್ ತಾನು ತೋಡುವುದಿಲ್ಲ, ಪೊದೆಯಲ್ಲಿ ಕೂರುತ್ತದೆ, ಇಕ್ಕಟ್ಟಿಗೆ ಬಂದರೆ ಬೇರೆ ಪ್ರಾಣಿ ತೋಡಿದ ಬಿಲಕ್ಕೆ ನುಗ್ಗುತ್ತದೆ. ಹೇರ್‌ಗೆ ಕಾಲಿನ ಮೇಲೇ ನಂಬಿಕೆ.

ಮರಿ ಕಲಿಸಲು ಕಾಟನ್‌ಟೇಲ್ ಒಳ್ಳೆಯ ಮೇಷ್ಟ್ರು. ಅದರ ಓಡಾಟ ಕೆಲವೇ ಎಕರೆಯೊಳಗೆ. ನಾಯಿ ಅಟ್ಟಿದರೆ ದುಂಡಗೆ ಒಂದು ಸುತ್ತು ಹಾಕಿ, ಎದ್ದ ಜಾಗದ ಹತ್ತಿರಕ್ಕೇ ಬರುತ್ತದೆ. ನೀವು ನಿಂತಲ್ಲೇ ನಿಂತು ಪೂರ್ತಿ ಆಟ ನೋಡಬಹುದು. ಹೇರ್ ಹಾಕುವ ಸುತ್ತು ತುಂಬ ದೊಡ್ಡದು, ಎಳೆ ಮರಿ ಅದರ ಹಿಂದೆ ಹೋದರೆ ಸುಸ್ತಾಗಿ ಮನಸ್ಸು ಮುರಿದುಕೊಳ್ಳುತ್ತದೆ.

ಯಾವ ವಯಸ್ಸಿಗೆ ಶುರು ಮಾಡಲಿ?

ಲಸಿಕೆಯ ಸರಣಿ ಮುಗಿಯುವ ತನಕ, ಅಂದರೆ ಸುಮಾರು 16 ವಾರದ ತನಕ, ಬೇರೆ ನಾಯಿಗಳು ಓಡಾಡುವ ಜಾಗಕ್ಕೆ ಬಿಡಬೇಡಿ. ಪಾರ್ವೊ, ಡಿಸ್ಟೆಂಪರ್ ಅನ್ನುವ ಮಾರಕ ರೋಗ ಬಂದರೆ ಬೇಟೆಯ ಮಾತೇ ಇಲ್ಲ. ಅಲ್ಲಿಯವರೆಗೆ ನಿಮ್ಮದೇ ಅಂಗಳದಲ್ಲಿ ಹುಲ್ಲು, ನೀರು, ಸದ್ದು, ಹೊಸ ಮನುಷ್ಯರು ಇವೆಲ್ಲ ಅಭ್ಯಾಸವಾಗಲಿ. ನಾಲ್ಕೈದು ತಿಂಗಳಿಗೆ ಪುಟ್ಟ ಜಾಡು. ಆರೇಳು ತಿಂಗಳಿಗೆ ಹೆಚ್ಚಿನ ಬೀಗಲ್‌ಗಳು ನಿಜವಾದ ಮೊಲದ ಹಿಂದೆ ಹೋಗಲು ನೋಡುತ್ತವೆ. ಒಂದು ವರ್ಷದವರೆಗೂ ಆಸಕ್ತಿ ತೋರದೆ, ಆಮೇಲೆ ಒಂದು ದಿನ ಗುಂಡಿ ಒತ್ತಿದ ಹಾಗೆ ಶುರುವಾದ ನಾಯಿಗಳನ್ನೂ ನೋಡಿದ್ದೇನೆ. ಮೂಳೆ ಬಲಿಯುವ ಮುಂಚೆ ಗಂಟೆಗಟ್ಟಲೆ ಓಡಿಸಬೇಡಿ. ಮರಿಗೆ ಅರ್ಧ ಗಂಟೆ ಸಾಕು. ಇನ್ನೂ ಬೇಕು ಅನ್ನುವಾಗಲೇ ಮನೆಗೆ ಕರೆದುಕೊಂಡು ಬನ್ನಿ.

ಒಂದು ಸೂಲಿನಲ್ಲಿ ಐದು ಮರಿ ಇವೆ. ಯಾವುದು ತಗೊಳ್ಳಲಿ?

ಮರಿಗಿಂತ ಮೊದಲು ಅಪ್ಪ ಅಮ್ಮನನ್ನು ನೋಡಿ. ಫೋಟೋದಲ್ಲಿ ಅಲ್ಲ, ಜಾಡಿನ ಮೇಲೆ, ಒಂಟಿಯಾಗಿ. ಗುಂಪಿನಲ್ಲಿ ಎಲ್ಲ ನಾಯಿಯೂ ಚೆನ್ನಾಗಿಯೇ ಕಾಣುತ್ತದೆ.

ಆಮೇಲೆ ಮರಿಗಳ ಮುಂದೆ ಉದ್ದ ಹುಲ್ಲಿನಲ್ಲಿ ಚಿಕ್ಕ ಮಾಂಸದ ಚೂರು ಎಸೆಯಿರಿ. ಎಲ್ಲವೂ ಓಡುತ್ತವೆ. ಅರ್ಧ ನಿಮಿಷದಲ್ಲಿ ಮೂರು ವಾಪಸ್ ಬಂದು ನಿಮ್ಮ ಷೂ ಕಚ್ಚುತ್ತವೆ. ಹುಲ್ಲಿನಲ್ಲಿ ಮೂಗು ಎತ್ತದೆ ಇನ್ನೂ ಹುಡುಕುತ್ತಾ ಉಳಿದದ್ದು ಯಾವುದೋ, ನಾನು ಅದನ್ನೇ ತರುತ್ತೇನೆ.

ಕಾಡಿಗೆ ಬಿಡೋ ಮುಂಚೆ ಏನೇನು ಕಲಿಸಬೇಕು?

ಕರೆದರೆ ಬರುವುದು. ಕೂರು, ಕೈ ಕೊಡು ಇವೆಲ್ಲ ನಿಮ್ಮ ಖುಷಿಗೆ. ಹತ್ತು ಮೀಟರಿನ ಹಗ್ಗ ಕಟ್ಟಿ ಬಿಡಿ, ಹೆಸರು ಹಿಡಿದು ಕರೆಯಿರಿ, ಬಂದರೆ ತಿನ್ನಲು ಕೊಡಿ, ತಕ್ಷಣ ಮತ್ತೆ ಬಿಟ್ಟುಬಿಡಿ. ಈ ಮತ್ತೆ ಬಿಡುವುದೇ ಮುಖ್ಯ. ಕರೆದಾಗಲೆಲ್ಲ ಹಗ್ಗ ಹಾಕಿ ಮನೆಗೆ ಎಳೆದುಕೊಂಡು ಹೋದರೆ, ಕರೆಯುವುದು ಅಂದರೆ ಆಟ ಮುಗಿಸುವುದು ಅಂತ ಮರಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ ನೀವು ಕೂಗುತ್ತಾ ಇರಿ, ಅದು ಕೇಳಿಸದ ಹಾಗೆ ಇರುತ್ತದೆ.

## ಮೊದಲ ಜಾಡು

ಮೊಲದ ಚರ್ಮ ಎಳೆದು ಜಾಡು ಮಾಡಬಹುದಾ?

ಮಾಡಬಹುದು, ಮೊದಲ ಕೆಲವು ವಾರಕ್ಕೆ ತುಂಬ ಒಳ್ಳೆಯದು. ಆದರೆ ಎಲ್ಲರೂ ಮಾಡುವ ಒಂದು ತಪ್ಪಿದೆ. ಚರ್ಮಕ್ಕೆ ದಾರ ಕಟ್ಟಿ ತಮ್ಮ ಹಿಂದೆಯೇ ಎಳೆದುಕೊಂಡು ನಡೆಯುತ್ತಾರೆ. ಮರಿ ಜಾಡು ಹಿಡಿದು ಬರುತ್ತದೆ, ಇವರು ಚಪ್ಪಾಳೆ ತಟ್ಟುತ್ತಾರೆ. ಮರಿ ಹಿಡಿದದ್ದು ಮೊಲವನ್ನಲ್ಲ, ಇವರ ಬೂಟನ್ನು. ಅದಕ್ಕೆ ಎರಡು ಮೂರು ಮೀಟರಿನ ಕೋಲಿನ ತುದಿಗೆ ದಾರ ಕಟ್ಟಿ, ನೀವು ಒಂದು ಪಕ್ಕ ನಡೆಯುತ್ತಾ ಚರ್ಮವನ್ನು ಇನ್ನೊಂದು ಪಕ್ಕ ಎಳೆಯಿರಿ.

ಮೊದಲ ದಿನ ಮೂವತ್ತು ಹೆಜ್ಜೆ, ನೇರವಾಗಿ. ಮರಿಗೆ ಕಾಣದ ಹಾಗೆ ಎಳೆದು, ಹತ್ತು ನಿಮಿಷ ಬಿಟ್ಟು ಕರೆತನ್ನಿ. ಕೊನೆಯಲ್ಲಿ ಚರ್ಮ ಸಿಗಲಿ, ಸ್ವಲ್ಪ ಕಚ್ಚಾಡಲಿ. ನಂತರ ಒಂದು ತಿರುವು, ಆಮೇಲೆ ಎರಡು. ಮರಿ ತಿರುವುಗಳನ್ನು ಸಲೀಸಾಗಿ ದಾಟತೊಡಗಿದರೆ, ಕಾನೂನು ಬಿಡುವ ಕಡೆ ಇರುವವರು ಚರ್ಮವನ್ನು ಎತ್ತಿಡಬಹುದು. ಬದುಕಿರುವ ಮೊಲ ಜಿಗಿಯುತ್ತದೆ, ನಿಲ್ಲುತ್ತದೆ, ಬಂದ ದಾರಿಯಲ್ಲೇ ನಾಲ್ಕು ಮಾರು ಹಿಂದೆ ಹೋಗಿ ಪಕ್ಕಕ್ಕೆ ಹಾರುತ್ತದೆ. ಚರ್ಮ ಅದನ್ನೆಲ್ಲ ಕಲಿಸುವುದಿಲ್ಲ.

ಸಾಕಿದ ಮೊಲ ತಂದು ಮರಿ ಮುಂದೆ ಬಿಟ್ಟರೆ?

ಬೇಡ. ಅದಕ್ಕೆ ಓಡಿ ಗೊತ್ತಿಲ್ಲ, ಅಡಗಿ ಗೊತ್ತಿಲ್ಲ. ಮರಿ ಕಣ್ಣಿನಿಂದ ನೋಡಿ ಹಿಡಿಯುತ್ತದೆ, ಮೂಗಿಗೆ ಕೆಲಸವೇ ಇರುವುದಿಲ್ಲ. ಮೊಲಕ್ಕೆ ಹಿಂಸೆ, ನಾಯಿಗೆ ಪಾಠವೂ ಇಲ್ಲ.

ಮೊದಲ ಸಲ ನಿಜವಾದ ಮೊಲ ಸಿಕ್ಕಾಗ ನಾನೇನು ಮಾಡಬೇಕು?

ಬೆಳಕು ಹರಿಯುವ ಹೊತ್ತಿಗೆ ಹೋಗಿ. ಆಗ ಮೊಲ ಮೇದು ಪೊದೆಗೆ ಮರಳುತ್ತಿರುತ್ತದೆ, ನೆಲದಲ್ಲಿ ತೇವ ಇರುತ್ತದೆ. ಪೊದೆಯನ್ನು ಕಾಲಿನಿಂದ ಮೆಲ್ಲಗೆ ಅಲ್ಲಾಡಿಸುತ್ತಾ ನಡೆಯಿರಿ. ಮೊಲ ಎದ್ದು ಓಡಿತು, ಮರಿ ನೋಡಲಿಲ್ಲ ಅಂದರೆ ನಿಮ್ಮ ಅದೃಷ್ಟ. ಕಂಡರೆ ಕಣ್ಣು ನಂಬುತ್ತದೆ, ಕಾಣದಿದ್ದರೆ ಮೂಗನ್ನೇ ನಂಬಬೇಕಲ್ವಾ.

ಮೊಲ ಕೂತಿದ್ದ ಜಾಗಕ್ಕೆ ಮರಿಯನ್ನು ಕರೆಯಿರಿ. ಅಲ್ಲಿ ಹುಲ್ಲು ಅಂಗೈಯಷ್ಟು ಅಗಲ ಒತ್ತಿಕೊಂಡಿರುತ್ತದೆ, ಮುಟ್ಟಿದರೆ ಇನ್ನೂ ಬಿಸಿ. ಮರಿ ಬಂದು ಮೂಗು ಇಟ್ಟ ಕೂಡಲೇ ಬಾಲ ನೋಡಿ. ಇಷ್ಟು ಹೊತ್ತು ಮೆಲ್ಲಗೆ ಆಡುತ್ತಿದ್ದ ಬಾಲ ಒಂದೇ ಸಲಕ್ಕೆ ಜೋರಾಗುತ್ತದೆ, ಸೊಂಟವೆಲ್ಲ ಅಲ್ಲಾಡುತ್ತದೆ, ಮೂಗಿನಿಂದ ಬುಸ್ ಬುಸ್ ಸದ್ದು. ಈಗ ನೀವು ಬಾಯಿ ಮುಚ್ಚಿಕೊಳ್ಳಬೇಕು. "ಅಲ್ಲಿ ಅಲ್ಲಿ, ಹಿಡಿ ಹಿಡಿ" ಅನ್ನಬೇಡಿ, ಬೆರಳು ತೋರಿಸಬೇಡಿ. ಹತ್ತು ಮಾರು ಹೋಗಿ ಜಾಡು ಬಿಟ್ಟರೂ ಸರಿ. ಮೊದಲ ದಿನ ಹತ್ತು ಮಾರೇ ಜಾಸ್ತಿ.

ಜಾಡು ಹಿಡಿದು ಓಡ್ತಾನೆ, ಆದರೆ ಬಾಯೇ ಬಿಡಲ್ಲ. ಮೂಕನಾ?

ಕಾಯಿರಿ. ಮೊದಮೊದಲು ಮರಿಗೆ ಮೂಗಿನ ಕೆಲಸವೇ ಸಾಕುಬೇಕಾಗಿರುತ್ತದೆ. ವಾಸನೆಯ ಮೇಲೆ ಭರವಸೆ ಬಂದ ದಿನ ಕೂಗು ತಾನಾಗಿ ಬರುತ್ತದೆ. ಒಂದೂವರೆ ವರ್ಷವಾದರೂ ಬಾಯಿ ಬಿಡದೆ ಓಡಿದರೆ ಅದು ಹುಟ್ಟುಗುಣ, ಕಲಿಸಿ ಬರುವುದಿಲ್ಲ.

ಬೆಳಗ್ಗೆ ಅಷ್ಟು ಚೆನ್ನಾಗಿ ಓಡಿದ ಮರಿ ಹತ್ತು ಗಂಟೆಗೆ ದಡ್ಡನ ಹಾಗೆ ಆಡ್ತದೆ, ಯಾಕೆ?

ಮರಿ ದಡ್ಡ ಆಗಿಲ್ಲ, ನೆಲ ಒಣಗಿದೆ. ಮೊಲ ಓಡಿದ ಕಡೆ ಅದರ ಪಾದದ, ಚರ್ಮದ ವಾಸನೆ ಉದುರುತ್ತದೆ, ಕಾಲಿಗೆ ಸಿಕ್ಕ ಹುಲ್ಲು, ಮಣ್ಣಿನ ವಾಸನೆಯೂ ಸೇರುತ್ತದೆ. ತೇವ, ತಂಪು, ಗಾಳಿ ಇಲ್ಲದ ಹೊತ್ತು ಇದ್ದರೆ ಅದು ನೆಲಕ್ಕೆ ಅಂಟಿಕೊಂಡಿರುತ್ತದೆ. ಬಿಸಿಲು ಏರಿ ಗಾಳಿ ಎದ್ದರೆ ಚದುರುತ್ತದೆ. ಟಾರು ರಸ್ತೆ, ಒಣ ಎಲೆ, ಉತ್ತ ಮಣ್ಣು ಯಾವಾಗಲೂ ಕಷ್ಟವೇ. ಎಳೆ ಮರಿಯನ್ನು ಸುಲಭದ ದಿನಗಳಲ್ಲಿ ಮಾತ್ರ ಬಿಡಿ. ಕಷ್ಟದ ದಿನಗಳು ಎರಡನೇ ವರ್ಷಕ್ಕಿರಲಿ.

## ಒಂಟಿಯಾಗಿ ಓಡುವುದು

ದೊಡ್ಡ ನಾಯಿ ಜೊತೆ ಬಿಟ್ಟರೆ ಬೇಗ ಕಲಿಯಲ್ವಾ?

ಬೇಗ ಓಡುತ್ತದೆ. ಕಲಿಯುತ್ತದೆ ಅಂತ ನಾನು ಹೇಳುವುದಿಲ್ಲ. ನನ್ನ ಎರಡನೇ ಬೀಗಲ್ ಅನ್ನು ಆರು ತಿಂಗಳು ಮೊದಲನೆಯದರ ಜೊತೆಗೇ ಬಿಟ್ಟೆ. ಎಷ್ಟು ಚೆಂದ ಕೂಗುತ್ತಿತ್ತು ಅಂದರೆ ನೋಡಿದವರೆಲ್ಲ ಹೊಗಳಿದರು. ಒಂದು ದಿನ ದೊಡ್ಡದರ ಕಾಲಿಗೆ ಮುಳ್ಳು ಚುಚ್ಚಿ ಮನೆಯಲ್ಲೇ ಉಳಿಯಿತು. ಚಿಕ್ಕದನ್ನು ಒಂದನ್ನೇ ಕರೆದುಕೊಂಡು ಹೋದೆ. ಪೊದೆಯ ಮುಂದೆ ಕೂತು ಗಾಡಿಯ ಕಡೆ ನೋಡುತ್ತಿತ್ತು, ಅಣ್ಣ ಇಳಿದು ಬರುತ್ತಾನೆ ಅಂತ. ಅಲ್ಲಿಯವರೆಗೆ ಅದು ಮೊಲದ ಜಾಡಿನಲ್ಲಿ ಓಡಿರಲೇ ಇಲ್ಲ, ನಾಯಿಯ ಜಾಡಿನಲ್ಲಿ ಓಡಿತ್ತು.

ಆಸಕ್ತಿಯೇ ಇಲ್ಲದ ಮರಿಯಾದರೆ ಎರಡು ಮೂರು ಸಲ ದೊಡ್ಡದರ ಜೊತೆ ಬಿಡಿ. ಆ ದೊಡ್ಡದು ನಿಧಾನದ್ದೂ, ಸುಳ್ಳು ಕೂಗದ್ದೂ ಆಗಿರಬೇಕು. ಮರಿ ಕೂಗಿದ ದಿನದಿಂದ ಇಬ್ಬರನ್ನೂ ಬೇರೆ ಮಾಡಿ. ನನ್ನ ಲೆಕ್ಕ ನಾಲ್ಕು ಸಲ ಒಂಟಿ, ಒಂದು ಸಲ ಜೊತೆ.

ನನ್ನ ಕಾಲು ಬಿಟ್ಟು ಹೋಗೋದೇ ಇಲ್ಲ. ನೂಕಬೇಕಾ?

ನೂಕಬೇಡಿ, ನೀವು ನಡೆಯುವುದನ್ನು ನಿಲ್ಲಿಸಿ. ಮಾಲೀಕ ನಡೆಯುತ್ತಿದ್ದರೆ ಮರಿ ಹಿಂಬಾಲಿಸುವುದೇ ಸರಿ ಅಂದುಕೊಳ್ಳುತ್ತದೆ. ಮೊಲ ಇರುವುದು ಖಾತ್ರಿ ಇರುವ ಜಾಗದಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತುಬಿಡಿ. ಮಾತಾಡಬೇಡಿ, ಮುದ್ದಿಸಬೇಡಿ, ಮೊಬೈಲ್ ನೋಡಿಕೊಳ್ಳಿ. ಹದಿನೈದು ನಿಮಿಷಕ್ಕೆ ಅದಕ್ಕೆ ಬೇಜಾರು ಬರುತ್ತದೆ, ಪಕ್ಕದ ಪೊದೆಗೆ ಹೋಗುತ್ತದೆ, ಬರುತ್ತದೆ. ಮುಂದಿನ ಸಲ ಇನ್ನೂ ಸ್ವಲ್ಪ ದೂರ. ವಾಪಸ್ ಬಂದಾಗಲೆಲ್ಲ ಕುಣಿದಾಡಬೇಡಿ, ಬಂದದ್ದಕ್ಕೆ ಬಹುಮಾನ ಸಿಕ್ಕಿದರೆ ಬರುತ್ತಲೇ ಇರುತ್ತದೆ. ನೀವು ಕರೆದಾಗ ಬಂದರೆ ಮಾತ್ರ ಬಹುಮಾನ.

ಜಾಡು ತಪ್ಪಿದ ತಕ್ಷಣ ನಿಂತು ನನ್ನ ಮುಖ ನೋಡ್ತಾನೆ. ಆಗ ಏನು ಮಾಡಲಿ?

ಏನೂ ಮಾಡಬೇಡಿ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಜಾಡಿನ ಮೇಲೆ ಓಡುವುದು ಬೀಗಲ್‌ಗೆ ರಕ್ತದಲ್ಲೇ ಇದೆ, ಅದನ್ನು ನಾವ್ಯಾರೂ ಕಲಿಸುವುದಿಲ್ಲ. ಮೊಲ ತಿರುಗಿದ ಜಾಗದಲ್ಲಿ ಏನು ಮಾಡಬೇಕು ಅನ್ನುವುದನ್ನು ಮರಿ ತಾನಾಗಿ ಕಂಡುಕೊಳ್ಳಬೇಕು. ಅಲ್ಲಿ ನಡೆಯುವುದು ಹೀಗೆ: ಮೊಲ ಬೇಲಿಯ ಪಕ್ಕ ಓಡಿ ಚಕ್ಕನೆ ಎಡಕ್ಕೆ ಹಾರಿರುತ್ತದೆ. ಮರಿ ಅದೇ ವೇಗದಲ್ಲಿ ನೇರವಾಗಿ ಆರೇಳು ಮಾರು ಮುಂದೆ ಹೋಗುತ್ತದೆ. ಕೂಗು ನಿಲ್ಲುತ್ತದೆ. ತಲೆ ಎತ್ತುತ್ತದೆ. ಆ ಕ್ಷಣದಲ್ಲಿ ಅದು ನಿಮ್ಮನ್ನು ನೋಡುತ್ತದೆ.

ನಮಗೆ ಮೊಲ ಎಡಕ್ಕೆ ಹೋದದ್ದು ಕಂಡಿರುತ್ತದೆ. ಬಾಯಿ ತುರಿಸುತ್ತದೆ. "ಇಲ್ಲಿ ಬಾ, ಇಲ್ಲಿ ಬಾ" ಅಂತ ಕರೆದು ತೋರಿಸಿದರೆ ಎರಡು ಸೆಕೆಂಡಿನಲ್ಲಿ ಜಾಡು ಸಿಗುತ್ತದೆ, ಮತ್ತೆ ಕೂಗು, ನಮಗೆ ಸಂತೋಷ. ಹೀಗೆ ಹತ್ತು ಸಲ ಮಾಡಿ. ಹನ್ನೊಂದನೇ ಸಲ ಮರಿ ಮೂಗು ಇಡುವುದೇ ಇಲ್ಲ, ನೇರ ನಿಮ್ಮ ಹತ್ತಿರ ಬರುತ್ತದೆ. ಜಾಡು ಹುಡುಕುವ ಕೆಲಸ ನಿಮ್ಮದು, ಓಡುವ ಕೆಲಸ ತನ್ನದು ಅಂತ ನೀವೇ ಒಪ್ಪಂದ ಬರೆದುಕೊಟ್ಟ ಹಾಗೆ.

ಇನ್ನೊಂದು ತೊಂದರೆ, ನಮ್ಮ ಕಣ್ಣು ಎಷ್ಟೋ ಸಲ ತಪ್ಪು. ನಾವು ನೋಡಿದ್ದು ಬೇರೆ ಮೊಲ ಇರಬಹುದು. ಆದರೆ ನಾವು ಬಿಡುತ್ತೇವಾ? ನಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಸರಿಯಾದ ಜಾಡಿನ ಮೇಲಿದ್ದ ಮರಿಯನ್ನು ಕುತ್ತಿಗೆ ಹಿಡಿದು ತಪ್ಪು ಜಾಡಿಗೆ ತಂದು ನಿಲ್ಲಿಸಿದ್ದೇನೆ, ಅದೂ ಒಂದು ಸಲವಲ್ಲ.

ಮರಿ ಮುಖ ನೋಡಿದರೆ ಬೇರೆ ಕಡೆ ತಿರುಗಿಕೊಳ್ಳಿ. ಅದು ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡುತ್ತದೆ. ಮೊದಮೊದಲು ಗೊತ್ತು ಗುರಿ ಇಲ್ಲದೆ ದೂರ ಓಡಿ ಬರುತ್ತದೆ. ದಿನ ಕಳೆದ ಹಾಗೆ, ವಾಸನೆ ಕೊನೆಗೆ ಸಿಕ್ಕಿದ್ದ ಜಾಗಕ್ಕೆ ಮರಳುವುದನ್ನು ಕಲಿಯುತ್ತದೆ. ಅಲ್ಲಿಂದ ಸಣ್ಣ ಸುತ್ತು, ಸಿಗದಿದ್ದರೆ ಸ್ವಲ್ಪ ದೊಡ್ಡ ಸುತ್ತು. ಇದನ್ನು ಯಾರೂ ಹೇಳಿಕೊಡದೆ ಮಾಡುವುದನ್ನು ಮೊದಲ ಸಲ ನೋಡಿದ ದಿನ ನಾನು ಸ್ಟೂಲಿನಿಂದ ಎದ್ದುಬಿಟ್ಟಿದ್ದೆ. ಹತ್ತು ಹದಿನೈದು ನಿಮಿಷ ಆದರೂ ಸಿಗದಿದ್ದರೆ ಆ ಮೊಲ ಗೆದ್ದಿತು. ಸುಮ್ನೆ ಬೇರೆ ಪೊದೆಗೆ ನಡೆಯಿರಿ. ಸೋತದ್ದಕ್ಕೆ ಸಮಾಧಾನ ಮಾಡುವುದು ಬೇಡ, ಬೈಯುವುದಂತೂ ಬೇಡವೇ ಬೇಡ.

ಮೊಲ ಬಂದ ಕಡೆಗೇ ಉಲ್ಟಾ ಓಡ್ತದೆ. ಮೂಗು ಸರಿ ಇಲ್ವಾ?

ಮೂಗು ಸರಿ ಇದೆ, ಆತುರ ಜಾಸ್ತಿ. ಮನುಷ್ಯರ ಹೆಜ್ಜೆ ಜಾಡಿನ ಮೇಲೆ ಮಾಡಿದ ಪ್ರಯೋಗಗಳಲ್ಲಿ ಪಳಗಿದ ನಾಯಿಗಳಿಗೆ ದಿಕ್ಕು ತಿಳಿಯಲು ಐದು ಹೆಜ್ಜೆ ಸಾಕಾಗಿತ್ತು. ಅಂದರೆ ಅವು ಒಂದಾದ ಮೇಲೊಂದು ಹೆಜ್ಜೆ ಮೂಸಿ ಹೋಲಿಸಿ ನೋಡುತ್ತವೆ. ಮರಿಗೆ ಆ ತಾಳ್ಮೆ ಇನ್ನೂ ಬಂದಿಲ್ಲ. ಉಲ್ಟಾ ಹೋದಷ್ಟೂ ವಾಸನೆ ಹಳೆಯದಾಗುತ್ತದೆ, ಕೊನೆಗೆ ಮೊಲ ಸಿಗುವುದಿಲ್ಲ. ಕೆಲವು ತಿಂಗಳಲ್ಲಿ ಅದಕ್ಕೇ ಲೆಕ್ಕ ಸಿಗುತ್ತದೆ. ವರ್ಷ ದಾಟಿದ ಮೇಲೂ ಪ್ರತಿ ಸಲ ಹೀಗೇ ಮಾಡುವ ನಾಯಿಯನ್ನು ಗುಂಪಿಗೆ ಸೇರಿಸಬೇಡಿ, ಉಳಿದವನ್ನೂ ಕೆಡಿಸುತ್ತದೆ.

ಒಂದೇ ಸೂಲಿನ ಅಣ್ಣ ತಂಗಿ ಇಬ್ಬರನ್ನೂ ತಂದಿದ್ದೇನೆ. ಒಟ್ಟಿಗೆ ಬಿಡಬಹುದಾ?

ಮನೆಯಲ್ಲಿ ಒಟ್ಟಿಗೆ, ಕಾಡಿನಲ್ಲಿ ಬೇರೆ ಬೇರೆ. ಒಂದು ದಿನ ಅವನು, ಒಂದು ದಿನ ಅವಳು.

## ಗಟ್ಟಿ ಪ್ರಶ್ನೆಗಳು

ಜಿಂಕೆ ವಾಸನೆ ಸಿಕ್ಕಿದರೆ ಮೊಲ ಬಿಟ್ಟು ಅದರ ಹಿಂದೆ ಹೋಗ್ತದೆ

ಒಂಟಿಯಾಗಿ ಧೈರ್ಯದಿಂದ ಓಡುವ ನಾಯಿಗೆ ಬರುವ ಚಟ ಇದು. ಜಿಂಕೆ ಸುತ್ತು ಹಾಕಿ ವಾಪಸ್ ಬರುವುದಿಲ್ಲ. ನಾಯಿ ರಸ್ತೆ ದಾಟಿ, ಊರು ದಾಟಿ ಹೋಗುತ್ತದೆ. ಮೊದಲ ವರ್ಷ ಜಿಂಕೆ ಕಡಿಮೆ ಇರುವ ಜಾಗದಲ್ಲೇ ಬಿಡುವುದು ಒಳ್ಳೆಯದು. ಕೂಗು ನೇರ ಸಾಲಿನಲ್ಲಿ ದೂರ ದೂರ ಹೋಗುತ್ತಿದ್ದರೆ ಅದು ಮೊಲ ಅಲ್ಲ ಅಂತ ತಿಳಿದು ತಕ್ಷಣ ಅಡ್ಡ ಹೋಗಿ ಹಿಡಿಯಿರಿ. ಗುಂಡಿ ಒತ್ತಿದರೆ ಶಾಕ್ ಹೊಡೆಯುವ ಎಲೆಕ್ಟ್ರಿಕ್ ಕಾಲರ್ ಬಳಸುವವರಿದ್ದಾರೆ, ಕೆಲವು ದೇಶಗಳಲ್ಲಿ ಅದಕ್ಕೆ ನಿಷೇಧವಿದೆ. ಕಣ್ಣಾರೆ ಜಿಂಕೆ ಕಾಣದೆ ಗುಂಡಿ ಒತ್ತಿದರೆ ಮೊಲದ ಮೇಲಿದ್ದ ನಾಯಿಗೇ ಶಿಕ್ಷೆಯಾಗಬಹುದು. ಆ ಒಂದು ತಪ್ಪು ಒಳ್ಳೆಯ ನಾಯಿಯನ್ನು ಮೊಲದಿಂದಲೇ ಬಿಡಿಸುತ್ತದೆ.

ವಾಸನೆ ಇಲ್ಲದಿದ್ದರೂ ಸುಮ್ಮನೆ ಕೂಗ್ತಾನೇ ಇರ್ತದೆ

ಗುಂಪಿನಲ್ಲಿ ಕಲಿತ ಬುದ್ಧಿ ಇದು. ಮುಂದಿನ ನಾಯಿ ಕೂಗಿದ್ದಕ್ಕೆ ತಾನೂ ಕೂಗಿ ಅಭ್ಯಾಸ. ಕೆಲವು ತಿಂಗಳು ಒಂಟಿಯಾಗಿ ಓಡಿಸಿ. ಅದು ಕೂಗಿದಾಗಲೆಲ್ಲ ನೀವು ಓಡಿ ಹೋಗಿ ನೋಡಬೇಡಿ, ನಿಮ್ಮ ಓಟವೇ ಅದಕ್ಕೆ ಬಹುಮಾನ.

ಕೋವಿ ಸದ್ದಿಗೆ ಹೆದರಿ ಗಾಡಿ ಕೆಳಗೆ ಸೇರಿಕೊಂಡಿತು. ಸರಿ ಮಾಡಬಹುದಾ?

ಕಷ್ಟ, ತಿಂಗಳುಗಟ್ಟಲೆ ಹಿಡಿಯುತ್ತದೆ. ಹೆದರಿಸದೇ ಇರುವುದು ಸುಲಭ. ಮರಿ ಊಟ ಮಾಡುವಾಗ ದೂರದಲ್ಲಿ ಪಾತ್ರೆ ಬೀಳಿಸುವುದರಿಂದ ಶುರು ಮಾಡಿ. ಕೋವಿಯ ಮೊದಲ ಸದ್ದು ಮರಿ ಜಾಡಿನ ಮೇಲೆ ಮೈಮರೆತು ಕೂಗುತ್ತಿರುವಾಗ, ಬಹಳ ದೂರದಿಂದ ಆಗಲಿ. ಹೆದರಿದೆಯಾ ಅಂತ ಪರೀಕ್ಷೆ ಮಾಡಲು ತಲೆಯ ಹತ್ತಿರ ಗುಂಡು ಹಾರಿಸುವವರಿದ್ದಾರೆ. ಅವರಿಗೆ ನಾಯಿ ಕೊಡಬೇಡಿ.

ಕತ್ತಲಾಯಿತು, ಕರೆದರೂ ಬರಲಿಲ್ಲ. ಏನು ದಾರಿ?

ಈಗ ಜಿಪಿಎಸ್ ಕಾಲರ್ ಇದೆ, ಒಂಟಿಯಾಗಿ ಬಿಡುವವರು ಅದಿಲ್ಲದೆ ಹೋಗಬೇಡಿ. ಬ್ಯಾಟರಿ ಮುಗಿದಿದ್ದರೆ ಹಳೆಯ ಉಪಾಯ. ನೀವು ಮೈಮೇಲೆ ಹಾಕಿದ್ದ ಜಾಕೆಟ್ಟನ್ನು, ನಾಯಿಯನ್ನು ಬಿಟ್ಟ ಜಾಗದಲ್ಲೇ ನೆಲದ ಮೇಲೆ ಹಾಸಿ, ಪಕ್ಕದಲ್ಲಿ ನೀರಿಟ್ಟು ಬನ್ನಿ. ಬೆಳಗ್ಗೆ ಹೋದರೆ ಎಷ್ಟೋ ಸಲ ಅದರ ಮೇಲೆ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ನನ್ನದೊಂದು ಜಾಕೆಟ್ಟಿನ ತೋಳು ಪೂರ್ತಿ ಅಗಿದಿತ್ತು, ಬೈಯಲಿಲ್ಲ.

ಮೊಲದಿಂದ ನಾಯಿಗೋ ನನಗೋ ರೋಗ ಬರುತ್ತಾ?

ಟುಲರೀಮಿಯ ಅನ್ನುವ ಬ್ಯಾಕ್ಟೀರಿಯಾ ರೋಗ ಮೊಲದಿಂದ, ಉಣ್ಣಿಗಳಿಂದ ಮನುಷ್ಯರಿಗೆ ಬರುತ್ತದೆ. ಸತ್ತ ಮೊಲವನ್ನು ಬರಿಗೈಯಲ್ಲಿ ಸುಲಿಯಬೇಡಿ, ಗ್ಲೌಸ್ ಹಾಕಿ. ಓಡಲಾಗದೆ ಮಂಕಾಗಿ ಕೂತ ಮೊಲ ಕಂಡರೆ ನಾಯಿಯನ್ನು ದೂರ ಕರೆಯಿರಿ. ಮೊಲದ ಹಸಿ ಕರುಳು ತಿಂದ ನಾಯಿಗೆ ಲಾಡಿಹುಳು ಬರುತ್ತದೆ, ಅದಕ್ಕೆ ಪಶುವೈದ್ಯರ ಹತ್ತಿರ ಔಷಧಿ ಇದೆ. ಮನೆಗೆ ಬಂದ ಮೇಲೆ ಕಿವಿ, ಬೆರಳ ಸಂದು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿ. ಉಣ್ಣಿ ಮತ್ತು ಹುಲ್ಲಿನ ಮುಳ್ಳು ಅಡಗುವುದು ಅಲ್ಲೇ.

ಒಂಟಿಯಾಗಿ ಓಡೋದು ಕಲಿತಿದೆ, ಈಗ ಗುಂಪಿಗೆ ಸೇರಿಸಬಹುದು ಅಂತ ಹೇಗೆ ಗೊತ್ತಾಗುತ್ತೆ?

ನಾನು ನೋಡುವುದು ಮೂರು. ನೀವು ಪೊದೆ ಅಲ್ಲಾಡಿಸದೆ ತಾನೇ ಮೊಲ ಎಬ್ಬಿಸಬೇಕು. ಒಂದು ಪೂರ್ತಿ ಸುತ್ತು ತರಬೇಕು. ದಾರಿಯಲ್ಲಿ ಜಾಡು ತಪ್ಪಿದಾಗ ನೀವು ಎಲ್ಲಿದ್ದೀರಿ ಅಂತಲೂ ನೋಡಬಾರದು.

ಗುಂಪಿಗೆ ಬಿಟ್ಟ ಮೊದಲ ದಿನ ಓಟ ನೋಡಬೇಡಿ, ಎಲ್ಲರೂ ಜಾಡು ಕಳೆದುಕೊಂಡು ಸದ್ದು ನಿಂತ ಜಾಗ ನೋಡಿ. ಬೇರೆ ನಾಯಿಗಳು ತಲೆ ಎತ್ತಿ ಒಂದರ ಮುಖ ಒಂದು ನೋಡುತ್ತಿರುವಾಗ, ನಿಮ್ಮದು ಮೂಗು ಕೆಳಗಿಟ್ಟು ಬೇಲಿಯ ಬುಡದಲ್ಲಿ ಒಂದೇ ಸುಳಿದಾಡುತ್ತಿದ್ದರೆ ಅಲ್ಲೇ ಬಿಟ್ಟುಬನ್ನಿ. ಅದೂ ತಲೆ ಎತ್ತಿದರೆ ಹಗ್ಗ ಹಾಕಿ ಕರೆತನ್ನಿ, ಇನ್ನೆರಡು ತಿಂಗಳು ನೀವು ಮತ್ತು ನಿಮ್ಮ ಸ್ಟೂಲು.